153 ಸಾಲುಗಳಲ್ಲಿ 37 ಎಲ್ಲಿ ಹೋದವು? ಡಿಪ್ಲೈಯರ್‌ನ ಫಿಲ್ಟರ್ ಬಳಸಿದ ಅನುಭವ

ಸಮೀಕ್ಷೆಯ ದತ್ತಾಂಶವನ್ನು ಶುಚಿ ಮಾಡಿ ಕೊಡುವುದು ನನ್ನ ದಿನನಿತ್ಯದ ಕೆಲಸ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೇಕಾದ ಸಾಲುಗಳನ್ನಷ್ಟೇ ಸೋಸಿ ತೆಗೆಯಲು ಮೊದಲು ಚೌಕ ಆವರಣಗಳನ್ನೇ ‘[ ]’ ನೆಚ್ಚಿಕೊಂಡಿದ್ದೆ. ಪ್ರತಿ ಷರತ್ತಿಗೂ ಕೋಷ್ಟಕದ ಹೆಸರು, ಡಾಲರ್ ಚಿಹ್ನೆ, ಆಮೇಲೆ ಕಾಲಂ ಹೆಸರು. ಮೂರು ಷರತ್ತು ಸೇರುವಷ್ಟರಲ್ಲಿ ಸಾಲು ಓದಲಾಗದಷ್ಟು ಗೋಜಲಾಗುತ್ತಿತ್ತು. 2014ರಲ್ಲಿ ಹೊರಬಂದ, ಆರ್‌ಗೆ ಸೇರಿಸಿಕೊಳ್ಳುವ ಡಿಪ್ಲೈಯರ್ ಪ್ಯಾಕೇಜಿನಲ್ಲಿ ಸಾಲು ಸೋಸುವ ‘ಫಿಲ್ಟರ್’ ಆಜ್ಞೆ ಆ ಗೋಜಲನ್ನು ಬಿಡಿಸಿತು. ಕಾಲಂ ಹೆಸರು ಬರೆದರೆ ಸಾಕು. ಷರತ್ತುಗಳ ನಡುವೆ ಅಲ್ಪವಿರಾಮ ಹಾಕಿದರೆ ‘ಮತ್ತು’ ಎಂದೇ ಅರ್ಥ. ತಿಂಗಳು ಬಿಟ್ಟು ತೆರೆದರೂ ಕೋಡ್ ವಾಕ್ಯದಂತೆ ಓದಿಸಿಕೊಳ್ಳುತ್ತದೆ.

ಆದರೆ ತರ್ಕದ ಹೊಣೆ ನಮ್ಮದೇ. ಆರ್ ಜೊತೆಗೇ ಬರುವ ‘ಏರ್‌ಕ್ವಾಲಿಟಿ’ ಕೋಷ್ಟಕವನ್ನೇ ನೋಡಿ: 1973ರ ಮೇಯಿಂದ ಸೆಪ್ಟೆಂಬರ್‌ವರೆಗೆ ನ್ಯೂಯಾರ್ಕಿನ ಗಾಳಿಯ ದೈನಂದಿನ ಅಳತೆಗಳು, ಒಟ್ಟು 153 ಸಾಲು. ಮೇ, ಜೂನ್ ಎರಡೇ ಸಾಕೆಂದು ‘ತಿಂಗಳು == 5 | 6’ ಎಂದು ಬರೆದರೆ (‘==’ ಅಂದರೆ ಸಮ, ‘|’ ಅಂದರೆ ‘ಅಥವಾ’) 153 ಸಾಲೂ ಬರುತ್ತವೆ. ಸೊನ್ನೆಯಲ್ಲದ ಸಂಖ್ಯೆಯೆಲ್ಲ ಆರ್‌ಗೆ ‘ನಿಜ’. ಒಂಟಿಯಾಗಿ ನಿಂತ ಆ 6 ಪ್ರತಿ ಸಾಲಿಗೂ ಬಾಗಿಲು ತೆರೆದುಬಿಡುತ್ತದೆ.

ಮೇ, ಜೂನ್, ಜುಲೈ ಬೇಕೆಂದು ‘==’ ಆದ ಮೇಲೆ 5, 6, 7ರ ಪಟ್ಟಿಯನ್ನೇ ಇಡುವುದು ಇನ್ನೂ ಅಪಾಯಕಾರಿ. ಆರ್ ಮೊದಲ ಸಾಲನ್ನು 5ಕ್ಕೆ, ಎರಡನೆಯದನ್ನು 6ಕ್ಕೆ, ಮೂರನೆಯದನ್ನು 7ಕ್ಕೆ, ನಾಲ್ಕನೆಯದನ್ನು ಮತ್ತೆ 5ಕ್ಕೆ ಹೋಲಿಸುತ್ತಾ ಹೋಗುತ್ತದೆ. 92 ಸಾಲು ಬರಬೇಕಾದಲ್ಲಿ 31 ಬರುತ್ತವೆ. 153 ಮೂರರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಎಚ್ಚರಿಕೆಯ ಸಂದೇಶವೂ ಇಲ್ಲ. ಇಲ್ಲಿ ಬೇಕಾದದ್ದು, ಮೌಲ್ಯ ಪಟ್ಟಿಯಲ್ಲಿದೆಯೇ ಎಂದು ನೋಡುವ, ಎರಡು ಶೇಕಡಾ ಚಿಹ್ನೆಗಳ ನಡುವೆ ಬರೆಯುವ ‘ಇನ್’.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಎನ್‌ಎ’, ಅಂದರೆ ದಾಖಲಾಗದ ಮೌಲ್ಯ. ಇದೇ ಕೋಷ್ಟಕದಲ್ಲಿ 37 ದಿನಗಳ ಓಝೋನ್ ಅಳತೆ ಇಲ್ಲ. ಓಝೋನ್ 100ಕ್ಕಿಂತ ಹೆಚ್ಚು ಎಂದು ಒಮ್ಮೆ ಸೋಸಿ. ಅದೇ ಷರತ್ತನ್ನು ಆವರಣದಲ್ಲಿಟ್ಟು, ಆವರಣಕ್ಕೆ ಮೊದಲು ‘ಅಲ್ಲ’ ಎಂಬರ್ಥದ ‘!’ ಹಾಕಿ ಇನ್ನೊಮ್ಮೆ ಸೋಸಿ. ಎರಡೂ ಕೂಡಿದರೆ 153 ಆಗಬೇಕಲ್ಲವೇ? ಆಗುವುದು 116. ಅಳತೆಯೇ ಗೊತ್ತಿಲ್ಲದ ಮೇಲೆ ಅದು 100 ದಾಟಿದೆಯೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಫಿಲ್ಟರ್ ‘ನಿಜ’ ಎಂದು ಖಚಿತವಾದ ಸಾಲುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಚೌಕ ಆವರಣವಾದರೋ ಆ 37ನ್ನೂ ಪೂರ್ತಿ ಎನ್‌ಎ ತುಂಬಿದ ಸಾಲುಗಳಾಗಿ ಎದುರಿಗೆ ತಂದು ನಿಲ್ಲಿಸುತ್ತದೆ. ನೋಡಲು ವಿಕಾರ, ಆದರೆ ಕಣ್ಣಿಗಂತೂ ಬೀಳುತ್ತದೆ. ಸಮೀಕ್ಷೆಯಲ್ಲಿ ಉತ್ತರಿಸದೆ ಬಿಟ್ಟವರೂ ಮನುಷ್ಯರೇ. ಅವರು ಹೀಗೆ ಸದ್ದಿಲ್ಲದೆ ಲೆಕ್ಕದಿಂದ ಜಾರಿಹೋಗುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟು ಸಾಲು ಕೈಬಿಟ್ಟೆ ಎಂದು ಫಿಲ್ಟರ್ ಒಂದು ಮಾತು ತಿಳಿಸುವಂತಿದ್ದರೆ ಚೆನ್ನಾಗಿತ್ತು.

ಹಾಗೆಂದು ಚೌಕ ಆವರಣಕ್ಕೆ ಮರಳುವ ಮನಸ್ಸಿಲ್ಲ. ಸೋಸುವ ಮೊದಲೂ ಆಮೇಲೂ ಸಾಲುಗಳನ್ನು ಎಣಿಸುತ್ತೇನೆ. ‘!’ ಹಾಕಿದ ಕಡೆಯಲ್ಲೆಲ್ಲ, ಖಾಲಿ ಇರುವವರೂ ಬೇಕೆನಿಸಿದರೆ, ‘| ಈಸ್.ಎನ್‌ಎ(ಓಝೋನ್)’, ಅಂದರೆ ‘ಅಥವಾ ಓಝೋನ್ ಎನ್‌ಎ ಆಗಿದ್ದರೆ’ ಎಂದು ಸೇರಿಸುತ್ತೇನೆ. ಆಗ ಎರಡು ಕಡೆಯ ಲೆಕ್ಕ 153ಕ್ಕೆ ತಾಳೆಯಾಗುತ್ತದೆ.