ಬೂದಿ ಬಣ್ಣಕ್ಕೆ ತಿರುಗಿದ ಬೈಕ್ ಪ್ಲಾಸ್ಟಿಕ್: ಪಾಲಿಶಾ, ಹೀಟ್ ಗನ್ನಾ, ಪೇಂಟಾ?

ಅಪ್ಪನ ಹಳೇ ಸ್ಪ್ಲೆಂಡರ್ ರೆಡಿ ಮಾಡುತ್ತಿದ್ದೇನೆ, ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿಯಲ್ಲಿ ಹೊರಗೆ ನಿಂತ ಬೈಕಿಗೆ ಇದು ತಪ್ಪಿದ್ದಲ್ಲ.

ಖರ್ಚು ನೋಡಿದರೆ ಪಾಲಿಶೇ ಅಗ್ಗ. ಬಟ್ಟೆಗೆ ಹಾಕಿ ಉಜ್ಜಿದರೆ ಮುಗಿಯಿತು. ಆದರೆ ನಾಲ್ಕು ಸಲ ತೊಳೆದರೆ ಹೋಗುತ್ತದೆ, ಧೂಳೂ ಜಾಸ್ತಿ ಹಿಡಿಯುತ್ತದೆ.

ಹೀಟ್ ಗನ್ ಎಂದರೆ ಬಿಸಿ ಗಾಳಿ ಊದುವ ಉಪಕರಣ. ಅದು ಬಣ್ಣ ಹಾಕದ ಪ್ಲಾಸ್ಟಿಕ್‌ಗೆ ಮಾತ್ರ. ಕೈ ಆಡಿಸುತ್ತಲೇ ಇದ್ದರೆ ಬೂದಿ ಬಣ್ಣ ಕಣ್ಣೆದುರೇ ಕಪ್ಪಾಗುತ್ತದೆ, ಎಷ್ಟು ಖುಷಿ ಅಂತೀರಿ! ಒಂದೇ ಕಡೆ ನಿಲ್ಲಿಸಿದರೆ ಮಾತ್ರ ಸೊಟ್ಟಗಾಗುತ್ತದೆ. ಪಾರ್ಟ್ ಬಿಚ್ಚಿ, ಪೆಟ್ರೋಲ್ ಟ್ಯಾಂಕಿನಿಂದ ದೂರ ಇಟ್ಟುಕೊಂಡೇ ಮಾಡಿ. ಬಿಸಿಲಿಗೆ ನಿಂತರೆ ಮತ್ತೆ ಬೆಳ್ಳಗಾಗುತ್ತದೆ.

ಬಾಳಿಕೆ ಬೇಕಾದರೆ ಪೇಂಟ್. ಮೊದಲು ಪಾರ್ಟಿನ ಒಳಮೈ ನೋಡಿ. ಸಾಮಾನ್ಯವಾಗಿ ಪಿಪಿ (PP) ಅಥವಾ ಎಬಿಎಸ್ (ABS) ಎಂದು ಪ್ಲಾಸ್ಟಿಕ್ ಯಾವ ಬಗೆಯದು ಎನ್ನುವ ಸಣ್ಣ ಅಚ್ಚು ಇರುತ್ತದೆ. ಎಬಿಎಸ್ ಮೇಲೆ ಪೇಂಟ್ ಚೆನ್ನಾಗಿ ಕೂರುತ್ತದೆ. ಪಿಪಿಗೆ ಪ್ಲಾಸ್ಟಿಕ್ ಪ್ರೈಮರ್, ಅಂದರೆ ಪೇಂಟ್ ಹಿಡಿಯಲೆಂದು ಮೊದಲು ಹೊಡೆಯುವ ಕೋಟ್, ಬೇಕೇ ಬೇಕು. ನಾನು ಪ್ರೈಮರ್ ಬಿಟ್ಟು ಹೊಡೆದ ಮಡ್‌ಗಾರ್ಡಿನಲ್ಲಿ ಪೇಂಟ್ ಈರುಳ್ಳಿ ಸಿಪ್ಪೆ ಹಾಗೆ ಉಗುರಿಗೇ ಎದ್ದು ಬಂತು.

ದಿನಾ ಬಿಸಿಲಲ್ಲಿ ನಿಲ್ಲುವ ಬೈಕಿಗೆ ಪೇಂಟ್, ನೆರಳಲ್ಲಿ ಇಡುವವರಿಗೆ ಹೀಟ್ ಗನ್. ನಾಳೆ ಮದುವೆಗೆ ಓಡಿಸಬೇಕಾದರೆ ಪಾಲಿಶ್ ಸಾಕು. ಸ್ಕ್ರೂ ಕೂರುವ ಜಾಗವೇ ಒಡೆದಿದ್ದರೆ ಇದ್ಯಾವುದೂ ಬೇಡ, ಹೊಸ ಪಾರ್ಟ್ ಹಾಕಿಸಿ.