ನನ್ನಾರಿ ಶರಬತ್ತು: ಅಂಗಡಿ ಬಾಟಲಿ, ತೆಳು ಪಾಕ, ಗಟ್ಟಿ ಪಾಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮನೆಯಲ್ಲಿ ಕಾಯಿಸಿದ ಗಟ್ಟಿ ಪಾಕಕ್ಕೆ. ಅದೇ ಪಾಕ ನನ್ನ ಒಂದು ಗಾಜಿನ ಬಾಟಲಿ ಒಡೆಸಿ, ಒಂದು ಇಡೀ ಭಾನುವಾರ ತಿಂದಿದೆ. ಆದರೂ ಅದಕ್ಕೇ.

ಶುರುವಾಗಿದ್ದು ರಾಮನವಮಿ ಆದ ವಾರ. ಬೀದಿ ಪೆಂಡಾಲಿನಲ್ಲಿ ಕುಡಿದ ಪಾನಕದ ರುಚಿ ಇನ್ನೂ ಬಾಯಲ್ಲಿತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ನನ್ನಾರಿ, ಅಂದರೆ ಸೊಗದೆ ಬೇರಿನ, ಶರಬತ್ತಿನ ಬಾಟಲಿ ಕಂಡಿತು. 700 ಎಂಎಲ್, 180 ರೂಪಾಯಿ. ತಂದು ಸೋಡಾಕ್ಕೆ ಬೆರೆಸಿ ಕುಡಿದರೆ ಮೊದಲ ಗುಟುಕಿಗೇ ಎಸೆನ್ಸ್ ವಾಸನೆ. ಆಮೇಲೆ ಕನ್ನಡಕ ಹಾಕಿಕೊಂಡು ಹಿಂದಿನ ಲೇಬಲ್ ಓದಿದೆ. ಸಕ್ಕರೆ, ನೀರು, ಬಣ್ಣ, ಫ್ಲೇವರ್ ಎಲ್ಲ ಆದಮೇಲೆ ಎಲ್ಲೋ ಕೊನೆಯಲ್ಲಿ ಬೇರಿನ ಹೆಸರು. ಅಮ್ಮ ಒಂದು ಗುಟುಕು ಕುಡಿದು, "ಇದಕ್ಕಿಂತ ಕೆಮ್ಮಿನ ಔಷಧಿನೇ ವಾಸಿ ಕಣೋ" ಅಂದಳು.

ಮಾರನೇ ದಿನ ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಗೆ ಹೋಗಿ ಸೊಗದೆ ಬೇರು ಕೇಳಿದೆ. "ನನ್ನಾರಿನಾ?" ಎಂದು ತಿರುಗಿ ಕೇಳಿ 100 ಗ್ರಾಂ ಪೊಟ್ಟಣ ಕಟ್ಟಿಕೊಟ್ಟರು, 110 ರೂಪಾಯಿ. ಈ ಬೇರಿನ ಪರಿಮಳ ಇರುವುದು ಸಿಪ್ಪೆಯಲ್ಲಿ, ಒಳಗಿನ ಕಡ್ಡಿ ಸುಮ್ನೆ ಕಟ್ಟಿಗೆ. ಅರ್ಧ ಬೇರನ್ನು ತೊಳೆದು, ಜಜ್ಜಿ, ಕಡ್ಡಿ ತೆಗೆದು, ಸಿಪ್ಪೆಯನ್ನು ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ವೆನಿಲಾ ಐಸ್‌ಕ್ರೀಮಿಗೂ ಒದ್ದೆ ಮಣ್ಣಿಗೂ ನಡುವಿನ ಒಂದು ವಾಸನೆ ಬಂತು. ಅಂಗಡಿ ಬಾಟಲಿಯ ಕಥೆ ಅಲ್ಲಿಗೆ ಮುಗಿಯಿತು.

ಮೊದಲು ಮಾಡಿದ್ದು ತೆಳು ಪಾಕ. ಒಂದು ಲೋಟ ಸಕ್ಕರೆ, ಒಂದು ಲೋಟ ನನ್ನಾರಿ ನೀರು, ಸಕ್ಕರೆ ಕರಗಿದರೆ ಆಯಿತು. ತಣ್ಣನೆಯ ಸೋಡಾದಲ್ಲಿ ಚಮಚ ಆಡಿಸುವ ಮೊದಲೇ ಬೆರೆತುಹೋಗುತ್ತದೆ. ಆದರೆ ಲೋಟದ ಅಳತೆಯನ್ನು ನಂಬಬೇಡಿ. 200 ಎಂಎಲ್ ಲೋಟದಲ್ಲಿ ಸಕ್ಕರೆ ಹಿಡಿಯುವುದು 170 ಗ್ರಾಂ ಆಸುಪಾಸು. ಅಂದರೆ ಸಮಸಮ ಅಂದುಕೊಂಡದ್ದರಲ್ಲಿ ನೀರೇ ಜಾಸ್ತಿ. ಏಪ್ರಿಲ್ ಸೆಕೆಯಲ್ಲಿ ಹೊರಗಿಟ್ಟಿದ್ದ ಅರ್ಧ ಬಾಟಲಿ ನಾಲ್ಕನೇ ದಿನಕ್ಕೆ ಗುಳ್ಳೆ ಬಿಟ್ಟು ಹುಳಿ ನಾತ ಹೊಡೆಯಿತು. ಫ್ರಿಜ್ಜಿನಲ್ಲಿ ಇಟ್ಟದ್ದು ಮೂರು ವಾರ ಬಾಳಿ, ಆಮೇಲೆ ಬೂಷ್ಟು ಹಿಡಿಯಿತು.

ಹಾಗಾಗಿ ಗಟ್ಟಿ ಪಾಕಕ್ಕೆ ಇಳಿದೆ. ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರ್ ನೀರು. ರುಚಿ ಅದ್ಭುತ. ಹತ್ತು ದಿನ ಮೆರೆದೆ. ಹನ್ನೊಂದನೇ ದಿನ ಬಾಟಲಿಯನ್ನು ಫ್ರಿಜ್ಜಿನಿಂದ ಹೊರತೆಗೆದರೆ ತಳದಲ್ಲಿ ಕಲ್ಲುಸಕ್ಕರೆ! ಬೆರಳು ದಪ್ಪ ಹರಳು ಕಟ್ಟಿದೆ. ಬಾಯಿಯ ಸುತ್ತ ಸುರಿದದ್ದೂ ಗಟ್ಟಿಯಾಗಿ ಮುಚ್ಚಳ ಕಚ್ಚಿಕೊಂಡುಬಿಟ್ಟಿದೆ. ಬಟ್ಟೆ ಹಿಡಿದು ತಿರುಗಿಸಿದೆ, ಬಾಗಿಲ ಸಂದಿಗೆ ಕೊಟ್ಟು ತಿರುಗಿಸಿದೆ, ಜಗ್ಗಲಿಲ್ಲ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಹಾಗೇ ಕುದಿವ ನೀರಿಗೆ ಇಟ್ಟೆ. ಟಪ್ ಅಂತ ಸೀಳಿತು. ಸಿಂಕು, ಕಟ್ಟೆ, ನೆಲ ಎಲ್ಲ ನನ್ನಾರಿ. ಒರೆಸಿದಷ್ಟೂ ಅಂಟು. ಸಂಜೆಗೆ ಇರುವೆಗಳು ಬಂಧುಬಳಗ ಸಮೇತ ಹಾಜರು.

ಪಾಕ ಸರಿಯಾಗಿ ಬೆಂದಿಲ್ಲ, ಅದಕ್ಕೇ ಹೀಗೆ ಅಂದುಕೊಂಡೆ. ಎರಡನೇ ಸಲ ಇನ್ನೂ ಇಪ್ಪತ್ತು ನಿಮಿಷ ಜಾಸ್ತಿ ಕುದಿಸಿದೆ. ಅದು ಮೂರೇ ದಿನಕ್ಕೆ ಹರಳು ಕಟ್ಟಿತು.

ತಪ್ಪು ಎಲ್ಲಿ ಅಂತ ಆಮೇಲೆ ಲೆಕ್ಕ ಹಾಕಿದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಹಿಡಿಯುವುದು 180ರ ಚಿಲ್ಲರೆ. ಒಂದಕ್ಕೆರಡು ಹಾಕಿದ ನಾನು ಹೊರಗೆ ಅಂಚಿನಲ್ಲೇ ನಿಂತಿದ್ದೆ, ಫ್ರಿಜ್ಜಿನಲ್ಲಿ ಅಂಚು ದಾಟಿದ್ದೆ. ಮುಚ್ಚಳವಿಲ್ಲದೆ ಕುದಿಸಿ ಇದ್ದ ನೀರನ್ನೂ ಆವಿ ಮಾಡಿದೆ. ಪಾತ್ರೆಯ ಅಂಚಿನಿಂದ ಒಂದು ಕಾಳು ಸಕ್ಕರೆ ಜಾರಿ ಬಿದ್ದರೂ ಸಾಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ, ಉಳಿದದ್ದೆಲ್ಲ ಅದಕ್ಕೇ ಕೂಡಿಕೊಳ್ಳುತ್ತದೆ.

ಈ ಲೆಕ್ಕವನ್ನೆಲ್ಲ ಅಮ್ಮನಿಗೆ ವಿವರಿಸಿದೆ. "ಜಾಮೂನ್ ಪಾಕಕ್ಕೆ ನಿಂಬೆಹಣ್ಣು ಹಿಂಡೋದು ಮತ್ಯಾಕೆ ಅಂದ್ಕೊಂಡಿದ್ದೆ?" ಅಂದಳು. ಹುಳಿ ಬಿದ್ದು ಕಾದರೆ ಸಕ್ಕರೆಯಲ್ಲಿ ಒಂದಿಷ್ಟು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ನಡುವೆ ಸೇರಿಕೊಂಡರೆ ಹರಳು ಕಟ್ಟುವುದು ಕಷ್ಟ. ಭಾನುವಾರ ಹಾಳು ಮಾಡಿಕೊಳ್ಳುವ ಮೊದಲೇ ಕೇಳಬಹುದಿತ್ತು ಅಲ್ವಾ?

ಈಗ ನನ್ನ ಅಳತೆ ಇದು. ಸೋಸಿದ ನನ್ನಾರಿ ನೀರು 500 ಎಂಎಲ್, ಸಕ್ಕರೆ 800 ಗ್ರಾಂ, ಒಂದು ಟೀ ಚಮಚ ನಿಂಬೆರಸ. ಸಣ್ಣ ಉರಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ. ಮುಚ್ಚಳದ ಹನಿಗಳೇ ಪಾತ್ರೆಯ ಅಂಚು ತೊಳೆಯುತ್ತವೆ. ಬಾಟಲಿಯ ಬಾಯಿ ಒದ್ದೆ ಬಟ್ಟೆಯಲ್ಲಿ ಒರೆಸಿ ಮುಚ್ಚುವುದನ್ನು ಮಾತ್ರ ಮರೆಯುವುದಿಲ್ಲ. ಫ್ರಿಜ್ಜಿನಲ್ಲಿ ಎರಡು ತಿಂಗಳು ಇಟ್ಟು ನೋಡಿದ್ದೇನೆ, ಏನೂ ಆಗಿಲ್ಲ. ಸೋಡಾದಲ್ಲಿ ತಳಕ್ಕೆ ಇಳಿಯುತ್ತದೆ ನಿಜ, ಎರಡು ಸಲ ಕಲಕಬೇಕು.

ಬೆಲ್ಲದಲ್ಲೂ ಮಾಡಿದೆ, ಬೇರಿನ ವಾಸನೆ ಬೆಲ್ಲದ ಮುಂದೆ ನಿಲ್ಲುವುದಿಲ್ಲ. ಶುಂಠಿಯದ್ದು ಚೆನ್ನಾಗಿತ್ತು, ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ ಅಷ್ಟೇ. ಗುಲಾಬಿ ಮುಟ್ಟಲಿಲ್ಲ, ಮಾರುಕಟ್ಟೆಯ ಹೂವಿಗೆ ಏನು ಹೊಡೆದಿರುತ್ತಾರೋ ಅನ್ನುವ ಭಯ.

ಖರ್ಚು ನೋಡಿದರೆ ಬೇರು 55, ಸಕ್ಕರೆ 40ರೊಳಗೆ. ಹತ್ತಿರ ಹತ್ತಿರ ಒಂದು ಲೀಟರ್ ಸಿಗುತ್ತದೆ. ಗ್ಯಾಸ್ ಬಿಟ್ಟರೆ ಒಂದು ಗ್ಲಾಸಿನ ಪಾಕಕ್ಕೆ ಮೂರು ರೂಪಾಯಿ. ಆಫೀಸಿನಿಂದ ಬಂದು ದಿನಾ ಒಂದು ಗ್ಲಾಸು, 30 ಎಂಎಲ್ ಪಾಕ, ಅರ್ಧ ನಿಂಬೆ, ಚಿಟಿಕೆ ಉಪ್ಪು, ನೆನೆದ ಕಾಮಕಸ್ತೂರಿ, ಸೋಡಾ. ತಿಂಗಳಿಗೆ ಒಂದು ಬಾಟಲಿ ಸರಿಹೋಗುತ್ತದೆ. ಪಿಜಿಯಲ್ಲಿರುವ ತಂಗಿಗೆ ಮಾತ್ರ ತೆಳು ಪಾಕವನ್ನೇ ಮಾಡಿಕೊಡುತ್ತೇನೆ. ಸಣ್ಣ ಬಾಟಲಿ, ಗೆಳತಿಯರು ಸೇರಿ ವಾರದಲ್ಲಿ ಖಾಲಿ ಮಾಡುತ್ತಾರೆ, ಬೂಷ್ಟು ಹಿಡಿಯಲು ಪುರುಸೊತ್ತೇ ಇಲ್ಲ.

ಅಂಗಡಿ ಬಾಟಲಿ ಇನ್ನೂ ಫ್ರಿಜ್ಜಿನ ಬಾಗಿಲಲ್ಲಿದೆ. ಮೂರು ತಿಂಗಳಾಯಿತು, ಒಂದೇ ಒಂದು ಹರಳು ಕಟ್ಟಿಲ್ಲ. ಮುಚ್ಚಳವೂ ಸಲೀಸಾಗಿ ತಿರುಗುತ್ತದೆ. ತೆಗೆಯುವವರು ಯಾರೂ ಇಲ್ಲ.