ಗಾಲ್ವೇ ಸಂತೆಯಲ್ಲಿ ಮಾಡಿಸಿದ ಹೆಸರಿನ ಹಲಗೆ, ‘ಶೀಲ’ ಅಷ್ಟೊಂದು ಹಳೇ ಹೆಸರಾ?

ಐರ್ಲೆಂಡಿನ ಗಾಲ್ವೇಯಲ್ಲಿ ಸೇಂಟ್ ನಿಕೋಲಸ್ ಚರ್ಚಿನ ಪಕ್ಕ ಶನಿವಾರ ಸಂತೆ ಸೇರುತ್ತದೆ. ಅಲ್ಲಿ ಮರದ ಹಲಗೆ ಮೇಲೆ ಮಕ್ಕಳ ಹೆಸರು ಕೆತ್ತಿ ಕೊಡುವ ಒಬ್ಬರು ಕೂರುತ್ತಾರೆ. ಅವರ ಹತ್ತಿರ ಒಂದು ಹಲಗೆ ಮಾಡಿಸಿದೆ. ಓಕ್ ಮರ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದ, 38 ಯೂರೋ. ಕೆಲಸ ತುಂಬಾ ಚೆನ್ನಾಗಿದೆ, ಮಗು ಹುಟ್ಟಿದ ಮನೆಗೆ ಏನು ಕೊಡೋದು ಅಂತ ಯೋಚಿಸುತ್ತಿದ್ದರೆ ಧೈರ್ಯವಾಗಿ ಮಾಡಿಸಿ.

ನಾನು ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸ್. ಜೊತೆಗೆ ಕೆಲಸ ಮಾಡುವ ಕಾನೆಮಾರಾ ಕಡೆಯ ಗೆಳತಿಗೆ ಹೆಣ್ಣು ಮಗು ಆಯಿತು. ತೀರಿಹೋದ ತನ್ನ ಅಮ್ಮನ ಹೆಸರನ್ನೇ ಇಡಬೇಕು ಅಂತ ಅವಳಿಗೆ ಆಸೆ. ಎಸ್, ಐ, ಎಲ್, ಇ ಅಂತ ಬರೆಯುತ್ತಾರೆ, ಓದುವುದು ಶೀಲ. ಹೌದು, ನಮ್ಮ ಶೀಲಾ ಥರಾನೇ. ಟೀ ಕುಡಿಯುವ ಕೋಣೆಯಲ್ಲಿ ಇದನ್ನು ಹೇಳಿದ ದಿನ ಎಲ್ಲರ ಮುಖ ಸಣ್ಣಗಾಯಿತು. ‘ಪಾಪ, ಮಗುವಿಗೆ ಅಜ್ಜಿ ಹೆಸರಾ?’ ಅಂದರು ಒಬ್ಬರು. ಅವರನ್ನು ದೂರಲಾರೆ, ಯಾಕೆಂದರೆ ನಮ್ಮ ಕಾರಿಡಾರಿನ ಬಾಗಿಲುಗಳ ಮೇಲೆ ಇರುವುದು ಇಂಥವೇ ಹೆಸರು: ಬ್ರೀಡ್, ನೂಲ, ನೋರೀನ್, ಅಸಂಪ್ಟಾ, ಮತ್ತೆ ಇನ್ನೊಬ್ಬ ಬ್ರೀಡ್. ದಿನಾ ಆ ಹೆಸರು ಕೂಗುತ್ತಾ ಮಾತ್ರೆ ಕೊಡುವವರಿಗೆ ಅದೇ ಹೆಸರಿನ ಹಸುಗೂಸನ್ನು ಕಲ್ಪಿಸಿಕೊಳ್ಳುವುದು ಕಷ್ಟ ಅಲ್ವಾ. ಆದರೂ ಅವಳ ಕಣ್ಣಲ್ಲಿ ನೀರು ಬಂದಿದ್ದು ನೋಡಿ ನನಗೆ ತಡೆಯಲಿಲ್ಲ. ಆ ಶನಿವಾರವೇ ಸಂತೆಗೆ ಹೋದೆ.

ಅಂಗಡಿಯ ಒಂದು ಬದಿಯಲ್ಲಿ ರೆಡಿಮೇಡ್ ಕೀಚೈನುಗಳ ಸಾಲು ಇದೆ. ಹೆಸರಿನ ಪುಸ್ತಕ ನೋಡುವುದಕ್ಕಿಂತ ಅದನ್ನು ನೋಡಿದರೆ ಈ ಊರಲ್ಲಿ ಈಗ ಯಾವ ಹೆಸರು ಓಡುತ್ತಿದೆ ಅಂತ ಬೇಗ ಗೊತ್ತಾಗುತ್ತದೆ. ಫೀಅ, ಸೀರ್ಶ, ಏವ, ನೀವ್, ಮೇವ್. ಫೀಅ ಕೊಕ್ಕೆ ಖಾಲಿ, ಎಲ್ಲಾ ಮಾರಿಹೋಗಿತ್ತು. 2021ರಲ್ಲಿ ಇಡೀ ದೇಶದಲ್ಲಿ ಹೆಣ್ಣು ಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಅದೇ, ಜಿಂಕೆ ಅಂತಲೂ ಕಾಡಿನದು ಅಂತಲೂ ಅರ್ಥ. ಬ್ರೀಡ್ ಒಂದೂ ಇರಲಿಲ್ಲ. ಬ್ರಿಜಿಡ್ ಅನ್ನುವುದರ ಐರಿಷ್ ರೂಪವೇ ಬ್ರೀಡ್. ಸಂತ ಬ್ರಿಜಿಡ್ ಹೆಸರಲ್ಲಿ 2023ರಿಂದ ಫೆಬ್ರವರಿಯಲ್ಲಿ ದೇಶಕ್ಕೇ ರಜೆ ಕೊಡುತ್ತಾರೆ, ಆದರೆ ಆ ಹೆಸರು ಒಂದು ಕೀಚೈನಿನ ಮೇಲೂ ಇಲ್ಲ. ನನಗಂತೂ ಬೇಜಾರಾಯಿತು.

ಅಲ್ಲಿ ನಿಂತಾಗಲೇ ನನಗೆ ಒಂದು ವಿಷಯ ಹೊಳೆಯಿತು. ಐರಿಷ್ ಹೆಸರು ಅನ್ನುವ ಕಾರಣಕ್ಕೆ ಯಾವುದೂ ಹಳತಾಗಿಲ್ಲ. ನಾವು ‘ಅಪ್ಪಟ ಹಳೇ ಹೆಸರು, ಎಷ್ಟು ಚಂದ’ ಅಂದುಕೊಳ್ಳುವ ಸೀರ್ಶ ಇದೆಯಲ್ಲ, ಸ್ವಾತಂತ್ರ್ಯ ಅಂತ ಅರ್ಥ, ಅದನ್ನು ಹೆಸರಾಗಿ ಇಡಲು ಶುರುಮಾಡಿದ್ದೇ 20ನೇ ಶತಮಾನದಲ್ಲಿ. ಶೀಲ ಹಾಗಲ್ಲ. ಸಿಸಿಲಿಯಾ ಅನ್ನುವ ಹೆಸರು 12ನೇ ಶತಮಾನದಲ್ಲಿ ಇಲ್ಲಿಗೆ ದಂಡೆತ್ತಿ ಬಂದ ನಾರ್ಮನ್ನರ ಜೊತೆ ಬಂದು, ಇಲ್ಲಿಯವರ ಬಾಯಲ್ಲಿ ನುರಿದು ನುರಿದು ಶೀಲ ಆಯಿತು. ಶಿನೇಡ್, ಶಿವಾನ್ ಕೂಡ ಹೀಗೆ ನಾರ್ಮನ್ನರ ಕಾಲದಲ್ಲಿ ಬಂದವೇ. ಅಂದರೆ ನೂರಾರು ವರ್ಷ ಬಳಸಿದ ಹೆಸರು ಈಗ ಮಾಸಿದಂತೆ ಕಾಣುತ್ತಿದೆ, ನೂರು ವರ್ಷದ ಈಚೆ ಬಂದದ್ದು ಪುರಾತನ ಅನ್ನಿಸುತ್ತಿದೆ. ಕಿವಿಗೆ ಹಳತು ಅನ್ನಿಸುವುದು ನಾವು ನೋಡಿದ ಮುಖದಿಂದ. ಅತ್ತೆಗೆ, ಚಿಕ್ಕಮ್ಮನಿಗೆ, ಶಾಲೆಯ ಟೀಚರಿಗೆ ಇದ್ದ ಹೆಸರು ಬೇಡ ಅನ್ನಿಸುತ್ತದೆ, ಕಣ್ಣಾರೆ ಕಾಣದ ಮುತ್ತಜ್ಜಿಯದಾದರೆ ಪರವಾಗಿಲ್ಲ. ನಮ್ಮಲ್ಲೂ ಅಷ್ಟೇ, ಗೌರಿ ಅಂದರೆ ಈಗ ಎಲ್ಲರಿಗೂ ಇಷ್ಟ, ಸರೋಜ ಅಂದರೆ ಮುಖ ತಿರುಗಿಸುತ್ತಾರೆ.

ಐರ್ಲೆಂಡಿನಲ್ಲಿರುವ ಕನ್ನಡದವರು ಇಲ್ಲಿನ ಹೆಸರು ಇಡಬೇಕು ಅಂತಿದ್ದರೆ ಮೊದಲು ಜೋರಾಗಿ ಕೂಗಿ ನೋಡಿ. ನೀವ್ ಅಂದರೆ ಊರಿನ ಅಜ್ಜಿಗೆ ‘ನೀವು’ ಅಂತ ಕೇಳುತ್ತದೆ, ಮೇವ್ ಅಂದರೆ ‘ಮೇವು’. ಊನ ಅಂತ ಒಂದು ಮುದ್ದಾದ ಹೆಸರಿದೆ, ನಮ್ಮ ಮಗುವಿಗೆ ಹೇಗೆ ಇಡೋದು ಹೇಳಿ. ಶೀಲಕ್ಕೆ ಮಾತ್ರ ಎರಡೂ ಕಡೆ ಏನೂ ತೊಂದರೆ ಇಲ್ಲ.

ಈಗ ಹಲಗೆ ವಿಷಯಕ್ಕೆ ಬರುತ್ತೇನೆ. ಹೆಸರು ಹೇಳಿದ ತಕ್ಷಣ ಅವರು ಕೇಳಿದ ಮೊದಲ ಪ್ರಶ್ನೆ, ‘ಫಾದಾ ಎಲ್ಲಿ ಬರುತ್ತೆ?’ ಫಾದಾ ಅಂದರೆ ಐರಿಷ್‌ನಲ್ಲಿ ಸ್ವರದ ಮೇಲೆ ಹಾಕುವ ಓರೆ ಗೆರೆ. ಆ ಮಾತಿಗೆ ‘ಉದ್ದ’ ಅಂತಲೇ ಅರ್ಥ, ಥೇಟ್ ನಮ್ಮ ದೀರ್ಘ. ಇಲ್ಲಿ ಎಷ್ಟೋ ಕಡೆ ಸುಮ್ನೆ ಬಿಟ್ಟು ಬರೆಯುತ್ತಾರೆ, ಕಂಪ್ಯೂಟರ್ ತಗೊಳ್ಳಲ್ಲ ಅನ್ನುತ್ತಾರೆ. ಇವರು ಅದನ್ನು ಅಂಟಿಸುವುದಿಲ್ಲ, ಅಕ್ಷರದ ಜೊತೆಗೇ ಕೆತ್ತುತ್ತಾರೆ. ಬೆರಳಾಡಿಸಿದರೆ ಗೆರೆಯ ಅಂಚು ನುಣ್ಣಗೆ, ಎಣ್ಣೆ ಹಚ್ಚಿದ ಕಡೆ ಮರದ ನರ ಎದ್ದು ಕಾಣುತ್ತದೆ. ಮೂರು ವರ್ಷದಲ್ಲಿ ಯಾರೂ ಈ ಹೆಸರು ಮಾಡಿಸಿರಲಿಲ್ಲ ಅಂತ ಹೇಳಿ, ಕೆಳಗಡೆ ಒಂದು ಪುಟ್ಟ ಹೂವನ್ನು ಹೆಚ್ಚಿಗೆ ದುಡ್ಡು ತಗೊಳ್ಳದೆ ಕೆತ್ತಿಕೊಟ್ಟರು.

ಕೊರತೆ ಎರಡು. ಒಂದು ವಾರ ಅಂದಿದ್ದು ಎರಡೂವರೆ ವಾರ ಆಯಿತು. ಹಿಂದಿನ ಕೊಕ್ಕೆ ತೀರಾ ತೆಳು, ತೊಟ್ಟಿಲ ಮೇಲೆ ತೂಗುಹಾಕುವ ವಸ್ತುವಿಗೆ ಅದು ಸಾಲದು. ನಾನು ಬೇರೆ ಕೊಕ್ಕೆ ಹಾಕಿಸಿಯೇ ಕೊಟ್ಟೆ, ನೀವೂ ಹಾಕಿಸಿ.

ಗೆಳತಿ ಕಾಗದ ಬಿಚ್ಚಿ ಹಲಗೆ ನೋಡಿದಳು, ಏನೂ ಮಾತಾಡಲಿಲ್ಲ, ಆ ಓರೆ ಗೆರೆಯ ಮೇಲೆ ಹೆಬ್ಬೆರಳು ಇಟ್ಟು ಹಾಗೇ ಕೂತಳು. ಹೆಸರು ನೋಂದಾಯಿಸಿದ್ದಾಳೆ, ಶೀಲ ಅಂತಲೇ. ಇಲ್ಲಿನ ಅಂಕಿಅಂಶ ಕಚೇರಿ 1964ರಿಂದ ಈಚಿನ ಮಕ್ಕಳ ಹೆಸರಿನ ಲೆಕ್ಕ ಇಟ್ಟಿದೆ, ಆದರೆ ವರ್ಷಕ್ಕೆ ಮೂರಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಪಟ್ಟಿಯಲ್ಲಿ ತೋರಿಸುವುದಿಲ್ಲ. ಇನ್ನಿಬ್ಬರು ಶೀಲ ಹುಟ್ಟಲಿ ಅಂತ ಕಾಯುತ್ತಿದ್ದೇವೆ.

ಮೈಸೂರಿನಲ್ಲಿರುವ ನಮ್ಮ ಶೀಲಾ ಅತ್ತೆಗೂ ಒಂದು ಹಲಗೆ ಹೇಳಿ ಬಂದಿದ್ದೇನೆ. ಕನ್ನಡ ಅಕ್ಷರವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಟ್ಟೆ. ಕೆತ್ತುವವರು ‘ಶೀ’ಯ ದೀರ್ಘದ ಮೇಲೆ ಪೆನ್ಸಿಲ್ ಇಟ್ಟು, ‘ಇದೇ ತಾನೆ ಫಾದಾ?’ ಅಂದರು.